ಆಟಗಾರ ಗುರಿಯೋ, ಸಾಧನವೋ

ಟೇಬಲ್ ಟೆನಿಸ್ ತರಬೇತಿಯಲ್ಲಿ ಆಟಗಾರನನ್ನು ನಡುವೆ ಇಟ್ಟುಕೊಳ್ಳುವುದೆಂದರೆ, ಕೋಚ್ ಕೈಗೊಳ್ಳುವ ಪ್ರತಿಯೊಂದು ತೀರ್ಮಾನವನ್ನೂ ಆಡುವವನ ಒಳಿತು ಮತ್ತು ಒಪ್ಪಿಗೆಯಿಂದ ಅಳೆಯುವುದು. ಬ್ಯಾಟಿನ ಹಿಡಿತ, ರಬ್ಬರಿನ ಆಯ್ಕೆ, ಅಭ್ಯಾಸದ ಹೊತ್ತು, ಯಾವ ಟೂರ್ನಿಗೆ ಹೋಗಬೇಕು, ಆಟ ಯಾವಾಗ ನಿಲ್ಲಿಸಬೇಕು ಎಲ್ಲವೂ ಇದರಲ್ಲಿ ಸೇರುತ್ತವೆ. ಪದಕ, ಕ್ಲಬ್ಬಿನ ಹೆಸರು, ಹೆತ್ತವರ ಆಸೆ, ದೇಶದ ಗೌರವ ಇವುಗಳಿಗೆ ಬೆಲೆ ಇದ್ದೇ ಇದೆ, ಆದರೆ ಎರಡನೆಯ ಸಾಲಿನಲ್ಲಿ. ಇದನ್ನು ಬೈಯದೆ ಕಲಿಸುವ ವಿಧಾನವೆಂದು ತಿಳಿಯುವವರಿದ್ದಾರೆ. ಹಾಗೆ ತಿಳಿದರೆ ವಿಷಯ ತೀರ ಚಿಕ್ಕದಾಗುತ್ತದೆ. ಸಿಹಿ ಮಾತಿನಿಂದಲೂ ಮಗುವನ್ನು ಯಂತ್ರ ಮಾಡಬಹುದು. ಗದರುತ್ತಲೇ ಅದರ ಸ್ವಾತಂತ್ರ್ಯವನ್ನು ಕಾಯಬಹುದು. ಇಲ್ಲಿರುವ ಪ್ರಶ್ನೆ ನೀತಿಶಾಸ್ತ್ರದ್ದು: ಒಬ್ಬ ಮನುಷ್ಯನನ್ನು ಬೇರೆಯವರ ಉದ್ದೇಶಕ್ಕಾಗಿ ಎಲ್ಲಿಯವರೆಗೆ ಬಳಸಿಕೊಳ್ಳಬಹುದು?

ಈ ಪ್ರಶ್ನೆಗೆ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಕೊಟ್ಟ ಉತ್ತರ ಇಂದಿಗೂ ಚರ್ಚೆಯ ಮೊದಲ ಮೆಟ್ಟಿಲು. ಮನುಷ್ಯನನ್ನು ಬರಿಯ ಸಾಧನವೆಂದು ಕಾಣಕೂಡದು, ಅವನು ತನ್ನಷ್ಟಕ್ಕೆ ತಾನೇ ಗುರಿಯೂ ಹೌದು ಎಂಬುದು ಅವನ ನಿಲುವು. ಬಳಸಿಕೊಳ್ಳುವುದನ್ನೇ ಕಾಂಟ್ ನಿಷೇಧಿಸಲಿಲ್ಲ. ಹಾಗೆ ನಿಷೇಧಿಸಿದ್ದರೆ ಯಾವ ತಂಡವೂ ಉಳಿಯುತ್ತಿರಲಿಲ್ಲ. ಆಟಗಾರನಿಗೆ ಕೋಚ್ ಬೇಕು, ಕೋಚ್‌ನ ಸಂಬಳ ಆಟಗಾರರಿಂದ ಬರುತ್ತದೆ, ಇಬ್ಬರನ್ನೂ ಕ್ಲಬ್ಬು ನೆಚ್ಚಿಕೊಂಡಿರುತ್ತದೆ. ಬಳಸಿಕೊಳ್ಳಲ್ಪಡುವವನಿಗೆ ಒಲ್ಲೆ ಎನ್ನುವ ದಾರಿಯೇ ಇಲ್ಲವಾದಾಗ ತಪ್ಪು ಶುರುವಾಗುತ್ತದೆ.

ಈ ಆಟದ ಚರಿತ್ರೆಯಲ್ಲಿ ಇದಕ್ಕೆ ಅತ್ಯಂತ ನೇರವಾದ ಉದಾಹರಣೆ ನಡೆದದ್ದು ಭಾರತದ ನೆಲದಲ್ಲೇ. 1987ರ ವಿಶ್ವ ಚಾಂಪಿಯನ್‌ಶಿಪ್ ನವದೆಹಲಿಯಲ್ಲಿ ನಡೆಯಿತು. ಮಹಿಳೆಯರ ಸಿಂಗಲ್ಸ್ ಸೆಮಿಫೈನಲ್‌ನಲ್ಲಿ ಚೀನಾದ ಹೆ ಝಿಲಿಗೆ ಎದುರಾದದ್ದು ಆಕೆಯದೇ ತಂಡದ ಗುವಾನ್ ಜಿಯಾನ್‌ಹುವಾ. ಗುವಾನ್‌ಗೆ ಪಂದ್ಯ ಬಿಟ್ಟುಕೊಡಬೇಕೆಂದು ತಂಡದ ಹಿರಿಯರು ಹೆ ಝಿಲಿಗೆ ಸೂಚಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಯಾಂಗ್ ಯಂಗ್‌ಜಾ ಎದುರು ಗುವಾನ್ ಆಟವೇ ಹೆಚ್ಚು ಹೊಂದುತ್ತದೆ ಎಂಬುದು ಅವರ ಲೆಕ್ಕ. ಹೆ ಝಿಲಿ ಸೂಚನೆಯನ್ನು ಮೀರಿ ಗೆದ್ದಳು, ಫೈನಲ್‌ನಲ್ಲಿ ಯಾಂಗ್‌ಳನ್ನೂ ಸೋಲಿಸಿ ವಿಶ್ವ ಚಾಂಪಿಯನ್ ಆದಳು. ಮರುವರ್ಷ ಸಿಯೋಲ್‌ನಲ್ಲಿ ಟೇಬಲ್ ಟೆನಿಸ್ ಮೊದಲ ಬಾರಿಗೆ ಒಲಿಂಪಿಕ್ಸ್ ಸೇರಿದಾಗ ಚೀನಾ ತಂಡದಲ್ಲಿ ಆಕೆಗೆ ಜಾಗವಿರಲಿಲ್ಲ. ಆಮೇಲೆ ಆಕೆ ಜಪಾನಿಗೆ ಹೋಗಿ ಚಿರೆ ಕೊಯಾಮಾ ಎಂಬ ಹೆಸರಿನಲ್ಲಿ ಆಡಿದಳು. 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಚೀನಾದ ಡೆಂಗ್ ಯಾಪಿಂಗ್‌ಳನ್ನು ಮಣಿಸಿ ಚಿನ್ನ ಗೆದ್ದಳು.

ಹಿರಿಯರ ಲೆಕ್ಕ ತಂತ್ರದ ಮಟ್ಟಿಗೆ ಸರಿಯೇ ಇದ್ದಿರಬಹುದು. ಹೆ ಝಿಲಿ ಚಾಂಪಿಯನ್ ಆದದ್ದರಿಂದ ಅವರು ತಪ್ಪಿತಸ್ಥರಾಗುವುದಿಲ್ಲ. ಆಕೆ ಫೈನಲ್‌ನಲ್ಲಿ ಸೋತಿದ್ದರೂ ಅವರ ತಪ್ಪು ಅಷ್ಟೇ ಇರುತ್ತಿತ್ತು. ಆಡುವುದು, ಗೆಲ್ಲಲು ಯತ್ನಿಸುವುದು ಆಟಗಾರ್ತಿಯ ಮೂಲ ಹಕ್ಕು. ಅದನ್ನೇ ಕೈಯಿಂದ ಕಿತ್ತುಕೊಂಡರೆ ಅಲ್ಲಿ ಉಳಿಯುವುದು ಬೇರೆಯವರ ಚದುರಂಗದ ಕಾಯಿ ಮಾತ್ರ. ಇದು ಚೀನಾದ ಒಂದು ಕಾಲದ ಮಾತು ಎಂದು ಬದಿಗಿಡಲೂ ಬರುವುದಿಲ್ಲ. ಒಲಿಂಪಿಕ್ ಅರ್ಹತಾ ಪಂದ್ಯವೊಂದನ್ನು ಬಿಟ್ಟುಕೊಡಲು ಒತ್ತಡ ಬಂದಿತ್ತೆಂದು ಭಾರತದ ಪ್ರಮುಖ ಆಟಗಾರ್ತಿಯೊಬ್ಬರು 2021ರಲ್ಲಿ ಮಾಡಿದ ಆರೋಪ ದಿಲ್ಲಿ ಹೈಕೋರ್ಟ್ ತಲುಪಿತು. ಆ ಪ್ರಕರಣದಲ್ಲಿ ನ್ಯಾಯಾಲಯ 2022ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಫೆಡರೇಶನ್ನಿನ ಕಾರ್ಯಕಾರಿ ಸಮಿತಿಯನ್ನು ಅಮಾನತಿನಲ್ಲಿಟ್ಟು ಆಡಳಿತಗಾರರ ಸಮಿತಿಯನ್ನು ನೇಮಿಸಿತು.

ಒಪ್ಪಿಗೆ ಇದ್ದರೆ ಎಲ್ಲ ಸರಿಹೋಗುತ್ತದೆಯೇ ಎಂಬುದು ಇದಕ್ಕಿಂತ ಜಟಿಲ. 1961ರ ವಿಶ್ವ ಚಾಂಪಿಯನ್‌ಶಿಪ್ ಬೀಜಿಂಗ್‌ನಲ್ಲಿ ನಡೆಯಲಿದ್ದಾಗ, ಜಪಾನಿಯರು ಲೂಪ್ ಎಂಬ ಹೊಸ ಟಾಪ್‌ಸ್ಪಿನ್ ಹೊಡೆತ ಕಂಡುಕೊಂಡಿರುವ ಸುದ್ದಿ ಚೀನಾಕ್ಕೆ ಬಂತು. ಕೆಲವು ಚೀನೀ ಆಟಗಾರರು ತಮ್ಮ ಶೈಲಿಯನ್ನೇ ಬಿಟ್ಟು ಆ ಹೊಡೆತ ಕಲಿತರು, ತಂಡದ ಉಳಿದವರಿಗೆ ಅದರ ಎದುರು ಅಭ್ಯಾಸ ಮಾಡಿಸಿದರು. ಪುರುಷರ ತಂಡ ಫೈನಲ್‌ನಲ್ಲಿ ಜಪಾನನ್ನು 5-3ರಿಂದ ಸೋಲಿಸಿತು. ಅಂದಿನಿಂದ ಚೀನಾ ತಂಡದಲ್ಲಿ ಎದುರಾಳಿಯ ನಕಲಾಗಿ ಆಡುವವರ ಒಂದು ವರ್ಗವೇ ಬೆಳೆದುಬಂದಿದೆ. ಯುರೋಪಿನ ಅಥವಾ ಜಪಾನಿನ ಒಬ್ಬ ತಾರೆಯ ಸರ್ವ್, ನಿಲುವು, ರಬ್ಬರು ಎಲ್ಲವನ್ನೂ ಅನುಕರಿಸುವುದು ಅವರ ಕೆಲಸ. ಅವರ ಆಟ ಎಷ್ಟು ಚೆನ್ನಾದರೂ ಅದು ಅವರದಲ್ಲ.

ಇವರಲ್ಲಿ ಹಲವರು ಮನಸಾರೆ ಒಪ್ಪಿದವರೇ. ಆದರೆ ಮನಸಾರೆ ಒಪ್ಪಿದವರ ಸಾಲಿನಲ್ಲಿ ಭಾರತೀಯರಿಗೆ ಮೊದಲು ನೆನಪಾಗುವವನು ಏಕಲವ್ಯ. ಅರ್ಜುನನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ದ್ರೋಣ ಬೇಡಿದ ಹೆಬ್ಬೆರಳನ್ನು ಅವನು ಎರಡನೆಯ ಯೋಚನೆಯಿಲ್ಲದೆ ಕೊಟ್ಟ. ಭಕ್ತಿ ಅಷ್ಟು ದೊಡ್ಡದಾದಲ್ಲಿ ಒಪ್ಪಿಗೆಗೆ ಅರ್ಥ ಉಳಿಯುವುದಿಲ್ಲ. ಕೇಳದಿರುವ ಹೊಣೆ ಗುರುವಿನ ಮೇಲೇ ಬೀಳುತ್ತದೆ. ಕೋಚ್‌ಗಳಿಗಾಗಿ ಕೇಂದ್ರ ಸರ್ಕಾರ 1985ರಲ್ಲಿ ಆರಂಭಿಸಿದ ಪ್ರಶಸ್ತಿಗೆ ದ್ರೋಣಾಚಾರ್ಯನ ಹೆಸರು. ಕರ್ನಾಟಕ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೆ ಏಕಲವ್ಯನ ಹೆಸರು. ಹೆಸರಿಟ್ಟವರು ಒಮ್ಮೆ ಎದುರುಬದುರು ಕೂತು ಮಾತಾಡಿದ್ದರೆ ಚೆನ್ನಾಗಿತ್ತು.

ಪರಧರ್ಮವನ್ನು ಚೆನ್ನಾಗಿ ಆಚರಿಸುವುದಕ್ಕಿಂತ ಊನವಿದ್ದರೂ ಸ್ವಧರ್ಮವೇ ಮೇಲೆಂಬ ಗೀತೆಯ ವಿಚಾರವನ್ನು ಹುಟ್ಟಿನ ವರ್ಣಕ್ಕೆ ಕಟ್ಟಿಹಾಕಿ ಓದಿದ್ದೇ ಹೆಚ್ಚು. ಅಲ್ಲಿಂದ ಬಿಡಿಸಿ ಸ್ವಭಾವಕ್ಕೆ ಅನ್ವಯಿಸಿದರೆ ತರಬೇತಿಯ ಕೊಠಡಿಯಲ್ಲಿ ಅದಕ್ಕೆ ಕೆಲಸವಿದೆ. ಹೆಚ್ಚಿನ ಕೋಚ್‌ಗಳ ತಲೆಯಲ್ಲಿ ಸರಿಯಾದ ಫೋರ್‌ಹ್ಯಾಂಡ್‌ನ ಒಂದು ಚಿತ್ರವಿರುತ್ತದೆ. ಬಂದ ಮಕ್ಕಳನ್ನೆಲ್ಲ ಆ ಚಿತ್ರಕ್ಕೆ ಹೊಂದಿಸುವುದೇ ಕಲಿಸುವಿಕೆ ಎನಿಸಿಕೊಳ್ಳುತ್ತದೆ. ಡೆಂಗ್ ಯಾಪಿಂಗ್ ಆ ಚಿತ್ರಕ್ಕೆ ಹೊಂದಲಿಲ್ಲ. ಎತ್ತರ ಸುಮಾರು 150 ಸೆಂಟಿಮೀಟರ್; ಕುಳ್ಳಿಯೆಂದು ಹೆನಾನ್ ಪ್ರಾಂತ್ಯದ ತಂಡ ಆಕೆಯನ್ನು ಕೈಬಿಟ್ಟಿತ್ತು. ಮೇಜಿಗೆ ಅಂಟಿಕೊಂಡು, ವೇಗವನ್ನು ನೆಚ್ಚಿ, ಬ್ಯಾಕ್‌ಹ್ಯಾಂಡ್‌ಗೆ ಪಿಂಪಲ್ಸ್ ರಬ್ಬರು ಹಾಕಿಕೊಂಡು ತನ್ನ ಮೈಗೆ ಒಗ್ಗುವ ಆಟವನ್ನು ಕಟ್ಟಿಕೊಂಡ ಆಕೆ 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಒಟ್ಟು ನಾಲ್ಕು ಚಿನ್ನ ಗೆದ್ದಳು. ಈಜಿಪ್ಟಿನ ಇಬ್ರಾಹಿಂ ಹಮದ್ತೂ ಇನ್ನೂ ದೂರದ ನಿದರ್ಶನ. ಹತ್ತನೆಯ ವಯಸ್ಸಿನಲ್ಲಿ ರೈಲು ಅಪಘಾತದಲ್ಲಿ ಎರಡೂ ತೋಳು ಕಳೆದುಕೊಂಡ ಆತ ಬ್ಯಾಟನ್ನು ಬಾಯಲ್ಲಿ ಕಚ್ಚಿ ಹಿಡಿದು, ಕಾಲಿನಿಂದ ಚೆಂಡು ಚಿಮ್ಮಿ ಸರ್ವ್ ಮಾಡುತ್ತಾನೆ. 2016ರ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಗೆಯೇ ಆಡಿದ. ಚೆಂಡನ್ನು ತೆರೆದ ಅಂಗೈಯಿಂದ ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಎಸೆಯಬೇಕೆಂಬ ನಿಯಮವೇ, ದೈಹಿಕ ಊನವಿರುವವರಿಗೆ ಅಂಪೈರ್ ಅದನ್ನು ಸಡಿಲಿಸಬಹುದು ಎಂದೂ ಹೇಳುತ್ತದೆ. ನಿಯಮ ಪುಸ್ತಕವೇ ಮನುಷ್ಯನ ಮೈ ನೋಡಿ ಬಾಗುತ್ತದೆ. ಕೆಲವು ಕೋಚ್‌ಗಳು ಬಾಗುವುದಿಲ್ಲ.

ಹಾಗೆಂದು ಶಿಸ್ತು ಬೇಡವೆಂದಲ್ಲ. ಬುಟ್ಟಿಯ ತುಂಬ ಚೆಂಡಿಟ್ಟುಕೊಂಡು ಕೋಚ್ ಒಂದರ ಹಿಂದೊಂದು ಹೊಡೆಯುವ ಮಲ್ಟಿಬಾಲ್ ಅಭ್ಯಾಸವಿಲ್ಲದೆ ಕಾಲಿನ ಚಲನೆ ಬರುವುದಿಲ್ಲ. ಅದು ಬೇಸರದ ಕೆಲಸ, ಬೇಸರದ್ದಾಗಿಯೇ ಇರಬೇಕು. ಆದರೆ ಪಂದ್ಯದಲ್ಲಿ ಚೆಂಡು ಎಲ್ಲಿಗೆ ಬರುವುದೆಂದು ಯಾರೂ ಮೊದಲೇ ಹೇಳುವುದಿಲ್ಲ. 2.7 ಗ್ರಾಂ ತೂಕದ ಚೆಂಡು 2.74 ಮೀಟರ್ ಮೇಜನ್ನು ಕ್ಷಣಾರ್ಧದಲ್ಲಿ ದಾಟುತ್ತದೆ. ಅಷ್ಟರಲ್ಲಿ ತಿರುಗು ಗುರುತಿಸಿ ಹೊಡೆತ ಆರಿಸುವವನು ಆಟಗಾರನೊಬ್ಬನೇ. ಆದ್ದರಿಂದ ಹೊಡೆತ ತಪ್ಪಿದಾಗ ಕೋಚ್ ತಕ್ಷಣ ಕಾರಣ ಹೇಳದೆ, ಚೆಂಡಿನಲ್ಲಿ ಏನು ಕಂಡಿತು, ಯಾಕೆ ಹಾಗೆ ಹೊಡೆದೆ ಎಂದು ಕೇಳುವುದು ಈ ಪದ್ಧತಿಯ ಮುಖ್ಯ ಅಭ್ಯಾಸ. 2016ರವರೆಗೆ ಪಂದ್ಯದಲ್ಲಿ ಕೋಚ್ ಬಾಯಿ ತೆರೆಯಬಹುದಾದದ್ದು ಗೇಮ್‌ಗಳ ನಡುವಿನ ಬಿಡುವಿನಲ್ಲಿ ಮತ್ತು ಟೈಮ್‌ಔಟ್‌ನಂಥ ವಿರಾಮಗಳಲ್ಲಿ ಮಾತ್ರ. ಆ ವರ್ಷದ ಅಕ್ಟೋಬರ್‌ನಿಂದ ರ‍್ಯಾಲಿ ನಡೆಯುತ್ತಿರುವ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಸಲಹೆ ಕೊಡಲು ಅನುಮತಿ ಸಿಕ್ಕಿತು. ಕಾನೂನಿನಿಂದ ಬರುತ್ತಿದ್ದ ಸಂಯಮ ಈಗ ಕೋಚ್‌ನ ಸ್ವಂತ ವಿವೇಕಕ್ಕೆ ಬಿಟ್ಟದ್ದು. ಪ್ರತಿ ಪಾಯಿಂಟಿಗೂ ಬೆಂಚಿನ ಕಡೆ ಕತ್ತು ತಿರುಗಿಸುವ ಮಕ್ಕಳನ್ನು ನೋಡಿದರೆ ಆ ವಿವೇಕ ಎಲ್ಲೆಡೆ ಇದೆಯೆನ್ನಲಾಗದು.

ಮಾರ್ಗದರ್ಶನ ಎಲ್ಲಿ ನಿಲ್ಲಬೇಕೆಂಬುದಕ್ಕೆ ಗೀತೆಯ ಕೊನೆಯ ಅಧ್ಯಾಯದಲ್ಲೇ ಒಂದು ಮಾದರಿಯಿದೆ. ಹೇಳಬೇಕಾದ್ದನ್ನು ಹೇಳಿದ ಕೃಷ್ಣ, ಇದನ್ನೆಲ್ಲ ಪೂರ್ತಿಯಾಗಿ ವಿಮರ್ಶಿಸಿಕೊಂಡು ಇಷ್ಟ ಬಂದಂತೆ ನಡೆದುಕೋ ಎಂದು ಅರ್ಜುನನಿಗೆ ಬಿಡುತ್ತಾನೆ. ರಥ ನಡೆಸುವವನು ಬಾಣ ಬಿಡುವುದಿಲ್ಲ. ಹನ್ನೆರಡನೆಯ ಶತಮಾನದ ಶರಣರು ಅರಿವನ್ನೇ ಗುರುವೆಂದರು. ಆ ದೃಷ್ಟಿಯಿಂದ ನೋಡಿದರೆ, ಶಿಷ್ಯನಲ್ಲಿ ಅರಿವು ಬೆಳೆದಷ್ಟೂ ಹೊರಗಿನ ಗುರುವಿನ ಅಧಿಕಾರ ಕುಗ್ಗುತ್ತ ಹೋಗಬೇಕು. ಎಂಟು ವರ್ಷದ ಮಗು ತನ್ನ ಹಿತವನ್ನು ತಾನೇ ತೂಗಲಾರದು. ಅದರ ಪರವಾಗಿ ಕೋಚ್ ಮತ್ತು ಹೆತ್ತವರು ನಿರ್ಧರಿಸುವುದು ಅನಿವಾರ್ಯ. ಹದಿನೆಂಟಕ್ಕೂ ಅವರೇ ನಿರ್ಧರಿಸುತ್ತಿದ್ದರೆ ನಡುವಿನ ಹತ್ತು ವರ್ಷಗಳಲ್ಲಿ ಕಲಿಸಿದ್ದೇನು ಎಂದು ಕೇಳಬೇಕಾಗುತ್ತದೆ.

ಇದಕ್ಕೆ ದೊಡ್ಡ ಆಕ್ಷೇಪ ಪದಕ ಪಟ್ಟಿಯಿಂದ ಬರುತ್ತದೆ. 1988ರಿಂದ 2024ರವರೆಗಿನ ಒಲಿಂಪಿಕ್ಸ್‌ಗಳಲ್ಲಿ ಟೇಬಲ್ ಟೆನಿಸ್‌ನ 42 ಚಿನ್ನಗಳಲ್ಲಿ 37 ಚೀನಾದ ಪಾಲು. ಪ್ಯಾರಿಸ್‌ನಲ್ಲಿ ಐದಕ್ಕೆ ಐದೂ. ಪ್ರತಿವಾದಿಗಳು ಸ್ವೀಡನ್ನಿನ ಕಡೆ ಬೆರಳು ಮಾಡುತ್ತಾರೆ: 1989ರಲ್ಲಿ ಡಾರ್ಟ್‌ಮಂಡ್‌ನಲ್ಲಿ ಸ್ವೀಡನ್ ತಂಡ ಚೀನಾವನ್ನು 5-0ಯಿಂದ ಸೋಲಿಸಿತು, ಆಡುತ್ತಾಡುತ್ತಲೇ ಹೊಸ ಹೊಡೆತ ಹೊಳೆಯಿಸಿಕೊಳ್ಳುತ್ತಿದ್ದ ಯಾನ್-ಊವೆ ವಾಲ್ಡ್ನರ್ 1992ರ ಒಲಿಂಪಿಕ್ ಚಿನ್ನ ಗೆದ್ದ. ಈ ಲೆಕ್ಕಾಚಾರದಲ್ಲಿ ಇಳಿಯುವುದೇ ಸೋಲು. ಆಟಗಾರನನ್ನು ಗೌರವಿಸಿದರೆ ಹೆಚ್ಚು ಪದಕ ಬರುತ್ತದೆ, ಆದ್ದರಿಂದ ಗೌರವಿಸೋಣ ಎನ್ನುವವನು ಗೌರವವನ್ನೂ ಪದಕದ ಸಾಧನವಾಗಿಸುತ್ತಾನೆ. ನಾಳೆ ಬೈಗುಳಕ್ಕೇ ಹೆಚ್ಚು ಪದಕ ಎಂದು ಯಾರಾದರೂ ತೋರಿಸಿಕೊಟ್ಟರೆ ಅವನು ಬೈಯಲು ತೊಡಗಬೇಕಾಗುತ್ತದೆ. ಇಂದಿನ ಕೋಚಿಂಗ್ ಕೈಪಿಡಿಗಳಲ್ಲಿ ಮಾನವೀಯ ತರಬೇತಿಯನ್ನು ಸಮರ್ಥಿಸುವ ಮಾತುಗಳೆಲ್ಲ ಬಹುಪಾಲು ಈ ಜಾಡಿನವೇ. ಕೆಲವು ಪದಕ ತಪ್ಪಿದರೂ ಈ ದಾರಿ ಸರಿ ಎನ್ನಲು ಸಿದ್ಧರಿದ್ದವರು ಮಾತ್ರ ಇದನ್ನು ನಿಜವಾಗಿ ಒಪ್ಪಿದವರು.

ಆ ಸಿದ್ಧತೆ ಪರೀಕ್ಷೆಗೆ ಬರುವುದು ಆಟಗಾರ ಆಟವನ್ನೇ ಬಿಡಲು ಹೊರಟಾಗ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. ಅಲ್ಲಿ ಜರ್ಮನಿಗೆ 1-3ರಿಂದ ಸೋತಾಗ ಆ ಒಂದು ಗೆಲುವು ತಂದವರು ಬೆಂಗಳೂರಿನ ಅರ್ಚನಾ ಕಾಮತ್. ಕೆಲವೇ ದಿನಗಳಲ್ಲಿ, 24ನೆಯ ವಯಸ್ಸಿಗೆ, ಅವರು ಉನ್ನತ ವ್ಯಾಸಂಗಕ್ಕಾಗಿ ವೃತ್ತಿಪರ ಆಟದಿಂದ ಸರಿದು ಅಮೆರಿಕದ ಹಾದಿ ಹಿಡಿದರು. ಮುಂದಿನ ಒಲಿಂಪಿಕ್ಸ್‌ನಲ್ಲಿ ಪದಕದ ಸಾಧ್ಯತೆ ಎಷ್ಟೆಂದು ಕೇಳಿದಾಗ ದಾರಿ ಕಠಿಣವೆಂದು ಕೋಚ್ ಮುಚ್ಚುಮರೆಯಿಲ್ಲದೆ ಹೇಳಿದರೆಂದು ಪತ್ರಿಕೆಗಳು ವರದಿ ಮಾಡಿದವು. ದೇಶಕ್ಕೆ ನಷ್ಟವಾಯಿತೇ ಎಂಬ ಚರ್ಚೆ ಆಮೇಲೆ ನಡೆಯಿತು. ಒಳ್ಳೆಯ ಆಟಗಾರ್ತಿಯನ್ನು ಉಳಿಸಿಕೊಳ್ಳಲು ಸುಳ್ಳು ಭರವಸೆ ಕೊಡುವುದು ಯಾವ ಕೋಚ್‌ಗಾದರೂ ಸುಲಭವಿತ್ತು. ರ‍್ಯಾಂಕಿಂಗ್ ಏನು, ಇನ್ನೆಷ್ಟು ವರ್ಷ ಬೇಕು, ಖರ್ಚೆಷ್ಟು ಎಂಬುದನ್ನು ಇದ್ದಂತೆ ಮುಂದಿಡುವುದು ಮಾತ್ರ ಅಂಥ ಹೊತ್ತಿನಲ್ಲಿ ಕೋಚ್‌ನ ಪಾಲಿನ ಕೆಲಸ. ಹೋಗುವುದೋ ಇರುವುದೋ ಆಟಗಾರ್ತಿಗೆ ಸೇರಿದ್ದು.