ಪೂರ್ತಧರ್ಮ ಮತ್ತು ಕೋಲಾರ ಸೀಮೆಯ ಅರಸಿಯರು

ಧರ್ಮಶಾಸ್ತ್ರಕಾರರು ಪುಣ್ಯಕರ್ಮವನ್ನು ಇಷ್ಟ ಮತ್ತು ಪೂರ್ತ ಎಂದು ಎರಡಾಗಿ ವಿಂಗಡಿಸಿದರು. ವೇದಮಂತ್ರಗಳಿಂದ ನಡೆಯುವ ಯಜ್ಞಯಾಗಗಳು ಇಷ್ಟವೆನಿಸಿದರೆ, ಕೆರೆ, ಬಾವಿ, ದೇಗುಲಗಳನ್ನು ಕಟ್ಟಿಸಿ ಲೋಕಕ್ಕೆ ಬಿಟ್ಟುಕೊಡುವುದು ಪೂರ್ತವೆನಿಸಿತು. ಯಜ್ಞದಲ್ಲಿ ಹೆಂಗಸು ಯಜಮಾನನ ಪಕ್ಕದಲ್ಲಿ ಕೂರುವ ಪತ್ನಿಯೇ ಹೊರತು ತಾನೇ ಯಜಮಾನಳಲ್ಲ, ಆದರೆ ಪೂರ್ತದ ಅಧಿಕಾರ ಅವಳಿಗೂ ಇತ್ತು. ಹೀಗಿರುವಾಗ ಅರಸಿಯೊಬ್ಬಳು ಕಟ್ಟಿಸಿದ ಗುಡಿಯ ಪುಣ್ಯಕ್ಕೆ ಅವಳೇ ಕರ್ತೃವೋ ಅಥವಾ ಅವಳ ಗಂಡನ ಕುಲವೋ ಎಂಬ ಪ್ರಶ್ನೆ, ಗಂಗರು, ಬಾಣರು, ನೊಳಂಬರು, ಚೋಳರು ಆಳಿದ ಕೋಲಾರ ಸೀಮೆಯಲ್ಲಿ ಬರಿಯ ತರ್ಕದ ವಿಷಯವಾಗಿ ಉಳಿಯುವುದಿಲ್ಲ.

2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಯಲ್ಲಿ ಶಿವಾಲಯವನ್ನು ಕಟ್ಟಿಸಿದವಳು ಬಾಣ ವಿದ್ಯಾಧರನ ರಾಣಿ ರತ್ನಾವಳಿ ಎಂದು ಒಂಬತ್ತನೆಯ ಶತಮಾನದ ಆರಂಭದ ತಾಮ್ರಶಾಸನ ಹೇಳುತ್ತದೆ. ಮುಳಬಾಗಿಲು ತಾಲ್ಲೂಕಿನ ಅವನಿಯಲ್ಲಿ ನೊಳಂಬರ ರಾಣಿ ದೀವಬ್ಬರಸಿ ದೇಗುಲವನ್ನು ಕಟ್ಟಿಸಿದಳು. ಅದಕ್ಕೆ ಬಂದ ಹೆಸರು ನೊಳಂಬ ನಾರಾಯಣೇಶ್ವರ, ಅಂದರೆ ರಾಣಿಯದಲ್ಲ, ರಾಜವಂಶದ್ದು. ಅದೇ ಅವನಿಯ ಸ್ಥಾನವನ್ನು, ಅಂದರೆ ದೇವಾಲಯಗಳ ಆಡಳಿತವನ್ನು, ನಲವತ್ತು ವರ್ಷ ನಡೆಸಿ 931ರಲ್ಲಿ ತೀರಿಕೊಂಡ ತ್ರಿಭುವನಕರ್ತಾರನೆಂಬ ಯತಿಗೆ ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದ ಕೀರ್ತಿ ಸಂದಿದೆ. ಇಷ್ಟನ್ನೇ ನೋಡಿದರೆ ಹಣ ಹೆಣ್ಣಿನದು, ಹೆಸರು ಮತ್ತು ಹಿಡಿತ ಗಂಡಿನವು ಎಂದು ತೋರಬಹುದು. ಆದರೆ ತನ್ನ ಸ್ವತ್ವವನ್ನು, ಎಂದರೆ ಒಡೆತನವನ್ನು, ಬಿಟ್ಟು ಇನ್ನೊಬ್ಬರ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ಶಾಸ್ತ್ರವೇ ಹೇಳುವುದರಿಂದ, ಒಡೆತನವಿಲ್ಲದವಳ ದಾನ ದಾನವೇ ಆಗದು. ಫಲವನ್ನು ಕುಲಕ್ಕೆ ಅರ್ಪಿಸಬೇಕಾದರೂ ಅದು ಮೊದಲು ಅರ್ಪಿಸುವವಳದಾಗಿರಬೇಕು. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನದಲ್ಲಿ ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸುವುದಕ್ಕೆ ಬಹಳ ಮೊದಲೇ ಈ ಅರಸಿಯರು ಅದನ್ನು ಆಚರಿಸಿ ತೋರಿದ್ದರು.

ದೇವಿಯ ಆರಾಧನೆಯೇ ಹೆಣ್ಣಿನ ಹಿರಿಮೆಗೆ ಸಾಕ್ಷಿಯೆಂಬ ವಾದ ಮಾತ್ರ ಅಷ್ಟು ಗಟ್ಟಿಯಲ್ಲ. ಚೋಳರ ಕಾಲದ ತಮಿಳು ಶಾಸನಗಳುಳ್ಳ ಕೋಲಾರಮ್ಮನ ಗುಡಿಯಲ್ಲಿ ಸಪ್ತಮಾತೃಕೆಯರಿದ್ದಾರೆ. ಬ್ರಾಹ್ಮಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ಇಂದ್ರಾಣಿ ಎಂಬ ಆರೂ ಹೆಸರುಗಳು ಒಬ್ಬೊಬ್ಬ ದೇವನಿಂದ ಬಂದವು, ಚಾಮುಂಡೆಯೊಬ್ಬಳೇ ತಾನು ಕೊಂದ ಚಂಡಮುಂಡರಿಂದ, ತನ್ನ ಕೃತ್ಯದಿಂದ, ಹೆಸರು ಪಡೆದವಳು. ದೀವಬ್ಬರಸಿಯ ಗುಡಿಯ ಹೆಸರಿನಲ್ಲಿ ಕಂಡದ್ದೇ ಇಲ್ಲಿ ದೇವಲೋಕದಲ್ಲೂ ಕಾಣುತ್ತದೆ.

ಅರಮನೆಯ ಹೊರಗೆ ಈ ಪ್ರಶ್ನೆ ಕಠೋರವಾಗುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರಿನಲ್ಲೇ ಉಳಿದಿರುವ ಮಹಾಸತಿ, ಗಂಡನೊಡನೆ ಚಿತೆಯೇರಿದವಳು. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಚಾಚಿ ಮೇಲೆತ್ತಿದ, ಬಳೆ ತೊಟ್ಟ ತೋಳೊಂದನ್ನು ಕಡೆದಿರುತ್ತಾರೆ, ಎಷ್ಟೋ ಕಲ್ಲುಗಳಲ್ಲಿ ಹೆಸರೇ ಇರುವುದಿಲ್ಲ. ಸ್ವತ್ತಿಲ್ಲದವಳು ಕೊಡಬಹುದಾಗಿದ್ದುದು ದೇಹವೊಂದೇ. ಅದನ್ನು ದಾನವೆಂದು ಹೊಗಳುವುದು ಅವಳಿಗೆ ಮಾಡುವ ಅನ್ಯಾಯ. ವಿಧವೆಗೆ ಬೇರೆ ದಾರಿಯೇ ಇರಲಿಲ್ಲವೆಂದೂ ಹೇಳುವಂತಿಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯ ನಾಗರಖಂಡದಲ್ಲಿ, ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ಅವನ ನಾಳ್ಗಾವುಂಡ ಪದವಿಯನ್ನು, ಅಂದರೆ ನಾಡಿನ ಮುಖ್ಯಾಧಿಕಾರವನ್ನು, ವಹಿಸಿಕೊಂಡು ಆಳಿದಳು. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಜೈನ ವ್ರತವಾದ ಸಲ್ಲೇಖನವನ್ನು ಕೈಗೊಂಡು ದೇಹಬಿಟ್ಟಳು.