ಬೆಲೆ ಕಟ್ಟಿದ ಊಟ ಮತ್ತು ದಾಸೋಹದ ಪ್ರಶ್ನೆ

ಪರದೇಶದ ಹೋಟೆಲಿನಲ್ಲಿ ಹಣ ತೆತ್ತು ಉಣ್ಣುವವನಿಗೆ ದೊರೆಯುವ ಉಪಚಾರವನ್ನು ಆತಿಥ್ಯವೆನ್ನಬಹುದೇ, ಇಲ್ಲವೇ ಅದು ವ್ಯಾಪಾರದ ಒಂದು ಅಂಗ ಮಾತ್ರವೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಪ್ರವಾಸಿಗರ ಹರಟೆಗೆ ಸೇರಿದ್ದೆಂದು ತೋರಿದರೂ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಿಂದ ಹೊರಟವರ ಮಟ್ಟಿಗೆ ಅದು ಧರ್ಮವಿಚಾರವೇ ಆಗುತ್ತದೆ. ಈ ಸೀಮೆಯಲ್ಲಿ ಅನ್ನ ನೀಡುವ ಎರಡು ಬಗೆಗಳು ಅಕ್ಕಪಕ್ಕದಲ್ಲೇ ಬಾಳಿಕೊಂಡು ಬಂದಿವೆ: ಮಠಗಳಲ್ಲೂ ಜಾತ್ರೆಗಳಲ್ಲೂ ಬಂದವರಿಗೆಲ್ಲ ನಡೆಯುವ ದಾಸೋಹ ಒಂದು, ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಗಳನ್ನು ರೊಕ್ಕಕ್ಕೆ ಬಡಿಸುವ ಖಾನಾವಳಿ ಇನ್ನೊಂದು. ರೊಕ್ಕದ ಖಾನಾವಳಿಯಲ್ಲೂ ಬಡಿಸುವವರು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿರೆಂದು ಒತ್ತಾಯ ಮಾಡುವುದರಿಂದ ಇವೆರಡರ ನಡುವಿನ ಗೆರೆ ಊರಿನಲ್ಲಿರುವವರೆಗೆ ಕಣ್ಣಿಗೆ ಬೀಳುವುದಿಲ್ಲ.

ಇದೇ ಸೀಮೆಯ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿ ಸಂಸ್ಥಾನದ ರಾಜಕಾರಣದಿಂದ ಮೇಲೆ ಬಂದು, 1977ರಲ್ಲಿ ಕೆಲವು ತಿಂಗಳು ದೇಶದ ಹಂಗಾಮಿ ರಾಷ್ಟ್ರಪತಿಯೂ ಆಗಿದ್ದ ಬಿ.ಡಿ. ಜತ್ತಿಯವರು ಶರಣರ ವಿಚಾರಗಳ ಪ್ರಸಾರಕ್ಕೆಂದು 1964ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. ಆ ವಿಚಾರಗಳ ತಿರುಳಲ್ಲಿರುವುದು ಕಾಯಕ ಮತ್ತು ದಾಸೋಹಗಳ ಜೋಡಿ. ಕಾಯಕವೆಂದರೆ ಮೇಲುಕೀಳೆಂಬ ಭೇದವಿಲ್ಲದೆ ಪೂಜೆಯ ಮಟ್ಟಕ್ಕೆ ಏರಿದ ಪ್ರಾಮಾಣಿಕ ದುಡಿಮೆ. ದಾಸೋಹವೆಂದರೆ ಆ ದುಡಿಮೆಯ ಫಲವನ್ನು ತಾನು ದಾಸನೆಂಬ ಭಾವದಿಂದ ಜಂಗಮಕ್ಕೆ, ಅಂದರೆ ಚಲಿಸುವ ದೈವರೂಪಕ್ಕೆ ಮತ್ತು ಅದರ ಮೂಲಕ ಸಮಾಜಕ್ಕೆ, ಸಲ್ಲಿಸುವುದು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆದವನು ಋಣಿಯಾಗಿ ಉಳಿಯುತ್ತಾನೆ; ದಾಸೋಹದಲ್ಲಿ ಕೊಟ್ಟೆನೆಂಬ ಅಹಂಕಾರ ಸುಳಿದರೆ ಕೊಟ್ಟದ್ದೂ ಕೆಟ್ಟಿತೆಂದೇ ಶರಣರ ಲೆಕ್ಕ. ಕಾಯಕವಿಲ್ಲದವನಿಗೆ ದಾಸೋಹದ ಅಧಿಕಾರವೂ ಇಲ್ಲವಾದ್ದರಿಂದ, ಸಂಬಳಕ್ಕೆ ಬಡಿಸುವವನ ಸೇವೆ ನಿಜವಾದ ಸೇವೆಯಲ್ಲವೆಂಬ ಪ್ರವಾಸಿಯ ಆಕ್ಷೇಪಕ್ಕೆ ಈ ದರ್ಶನದಲ್ಲಿ ಆಧಾರ ಸಿಗುವುದಿಲ್ಲ.

ಹೀಗಿದ್ದರೂ ಹಣದ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ಆಸೆಯ ಫಲವೆಂದು ಖಂಡಿಸಿ, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬರಲು ಕಳಿಸಿದಳೆಂಬ ಕಥೆ ಕನ್ನಡಿಗರಿಗೆ ಹೊಸದಲ್ಲ. ಬಿಲ್ಲಿನ ಮೇಲೆ ಬಿಟ್ಟುಹೋಗುವ ಟಿಪ್ಸು, ಹಳಬರ ಮಾತಿನ ಭಕ್ಷೀಸು, ಲಕ್ಕಮ್ಮನ ದೃಷ್ಟಿಯಲ್ಲಿ ಹಿಂದಿರುಗಿಸಬೇಕಾದ ಆ ಹೆಚ್ಚುವರಿಯೇ? ಜಪಾನಿನಲ್ಲಿ ಟಿಪ್ಸು ಕೊಡುವ ರೂಢಿಯಿಲ್ಲ. ಗಿರಾಕಿ ಮೇಜಿನ ಮೇಲೆ ಹಣ ಬಿಟ್ಟರೆ ಮರೆತುಹೋದನೆಂದು ತಿಳಿದು ಹಿಂದೆ ಓಡಿ ಬಂದು ಕೊಡುವುದುಂಟು. ಅಲ್ಲಿಯ ಕಾರಣಗಳು ಬೇರೆಯೇ ಆದರೂ ಈ ನಡತೆಯನ್ನು ಲಕ್ಕಮ್ಮ ಒಪ್ಪುತ್ತಿದ್ದಳೆನ್ನಲು ಅಡ್ಡಿಯಿಲ್ಲ.

ಅಮೆರಿಕದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿಯ ಒಕ್ಕೂಟ ಕಾನೂನಿನಂತೆ ಟಿಪ್ಸು ಪಡೆಯುವ ನೌಕರನಿಗೆ ಮಾಲೀಕ ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, ಮತ್ತು ಈ ಮೊತ್ತ 1991ರಿಂದ ಬದಲಾಗಿಲ್ಲ. ಸಾಮಾನ್ಯ ಕನಿಷ್ಠ ಕೂಲಿಯಾದ 7.25 ಡಾಲರಿಗೆ ಬೇಕಾದ ಉಳಿದ ಪಾಲನ್ನು ಗಿರಾಕಿಗಳ ಟಿಪ್ಸಿನಿಂದ ತುಂಬಿಕೊಳ್ಳಲು, ಅದು ಸಾಲದಿದ್ದರೆ ಮಾತ್ರ ಮಾಲೀಕನೇ ಕೂಡಿಸಲು, ಕಾನೂನು ಹೇಳುತ್ತದೆ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಿಸುತ್ತವೆ ನಿಜ, ಆದರೆ ಒಕ್ಕೂಟ ಕಾನೂನಿನ ತತ್ತ್ವ ಅದರಿಂದ ಬದಲಾಗುವುದಿಲ್ಲ. ಹೆಸರಿಗೆ ಕೊಡುಗೆ, ವಾಸ್ತವದಲ್ಲಿ ಕೂಲಿ. ಟಿಪ್ಸು ಬಿಡದೆ ಎದ್ದುಹೋಗುವ ಪ್ರವಾಸಿ ತಾನು ಆಸೆಗೆ ಇಂಬುಕೊಡಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ, ಏಕೆಂದರೆ ಅವನು ಉಳಿಸಿಕೊಂಡದ್ದು ಇನ್ನೊಬ್ಬನ ಕಾಯಕದ ಫಲ. ಉದಾರವಾಗಿ ಬಿಟ್ಟವನ ಸ್ಥಿತಿಯೂ ಇದಕ್ಕಿಂತ ಬಹಳ ಉತ್ತಮವಲ್ಲ: ಬಡಿಸಿದವನ ನಗುವಿಗೆ ಅಂಕ ಕೊಟ್ಟು ಕೂಲಿ ನಿಗದಿ ಮಾಡುವ ಅಧಿಕಾರ ಕೈಗೆ ಬಂದೊಡನೆ ದಾಸೋಹ ಯಾವ ಅಹಂಕಾರವನ್ನು ಕಳೆಯಲು ಹೊರಟಿತ್ತೋ ಅದೇ ಊಟದ ಮೇಜಿಗೆ ಮರಳುತ್ತದೆ. ದೋಷ ಅವರಿಬ್ಬರಿಗಿಂತ ಮೊದಲೇ ಏರ್ಪಾಟಿನಲ್ಲಿ ಸೇರಿಕೊಂಡಿದೆ.

ಫ್ರಾನ್ಸಿನಲ್ಲಿ ಸೇವೆಯ ಬೆಲೆ ತಿನಿಸಿನ ಬೆಲೆಯಲ್ಲೇ ಸೇರಿರುತ್ತದೆ, ಮತ್ತು ಬಡಿಸುವವರು ಗಿರಾಕಿಯನ್ನು ಅವನ ಪಾಡಿಗೆ ಬಿಟ್ಟುಬಿಡುತ್ತಾರೆ. ಕೇಳುವವರೆಗೆ ಬಿಲ್ಲು ತರದಿರುವುದು ಅಲ್ಲಿ ಮರ್ಯಾದೆ. ಊಟ ಮುಗಿಯುವ ಮೊದಲೇ ಬಿಲ್ಲು ಬಂದು ಬೀಳುವ, ಖಾಲಿಯಾಗುವ ಜಾಗಕ್ಕಾಗಿ ಬೆನ್ನ ಹಿಂದೆ ಜನ ಕಾಯುವ ಊಟದ ಮನೆಗಳಿಂದ ಹೋದವರಿಗೆ ಇದೇ ಮರ್ಯಾದೆ ತಾತ್ಸಾರವಾಗಿ ಕಾಣುವುದು ಸಹಜವಾದರೂ, ಈ ದೂರಿನ ತಳದಲ್ಲಿ ಒಂದು ವಿಚಿತ್ರವಾದ ನಿರೀಕ್ಷೆಯಿದೆ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿ ಅತಿಥಿಯನ್ನು ದೇವರೆಂದು ಭಾವಿಸಲು ಬೋಧಿಸುವುದು ಗುರುಕುಲ ಬಿಟ್ಟು ಹೊರಡುವ ಶಿಷ್ಯನಿಗೆ, ಅಂದರೆ ಆತಿಥೇಯನಾಗಲಿರುವವನಿಗೆ. ಅದನ್ನು ಅತಿಥಿಯೇ ತನ್ನ ಹಕ್ಕುಪತ್ರವೆಂದು ಮುಂದಿಟ್ಟರೆ ಬೋಧೆಯ ಮುಖವೇ ತಿರುಗುತ್ತದೆ. ಜೇಬಿನಲ್ಲಿ ಕಾರ್ಡು ಇಟ್ಟುಕೊಂಡು ಹೊರಟ ಪ್ರವಾಸಿ ತನಗೆ ಜಂಗಮದ ಗೌರವ ಸಲ್ಲಬೇಕೆಂದು ಬಯಸುವುದರಲ್ಲಿ ಸ್ವಲ್ಪ ಹಾಸ್ಯವೂ ಇದೆ. ಇಮ್ಯಾನ್ಯುಯೆಲ್ ಕಾಂಟ್ 1795ರ ತನ್ನ ಶಾಶ್ವತ ಶಾಂತಿಯ ಪ್ರಬಂಧದಲ್ಲಿ ಪರದೇಶಿಗೆ ಒಪ್ಪಿದ್ದು ಹಗೆಯೆಂದು ಪರಿಗಣಿತನಾಗದಿರುವ ಹಕ್ಕನ್ನು ಮಾತ್ರ, ಅತಿಥಿಯಾಗಿ ಸತ್ಕಾರ ಪಡೆಯುವ ಹಕ್ಕನ್ನಲ್ಲ.

ಬೆಲೆ ಕಟ್ಟಿದ ಊಟವನ್ನು ಕೀಳುಗಳೆಯುವ ಮುನ್ನ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಉಚಿತ ಅನ್ನದ ಸಾಲಿನಲ್ಲೇ ಪಂಕ್ತಿಭೇದ, ಅಂದರೆ ಜಾತಿ ನೋಡಿ ಬೇರೆ ಬೇರೆ ಕೂರಿಸುವ ಪದ್ಧತಿ, ಈ ನಾಡಿನ ಅನೇಕ ಕಡೆ ಬಹುಕಾಲ ನಡೆಯಿತು. ಹೋಟೆಲುಗಳೂ ಅದನ್ನು ಅನುಸರಿಸಿದ್ದರಿಂದಲೇ ಸಂವಿಧಾನದ 15ನೆಯ ವಿಧಿ ಉಪಾಹಾರಗೃಹಗಳ ಪ್ರವೇಶವನ್ನು ಹೆಸರಿಸಿ ಹೇಳಬೇಕಾಯಿತು, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಆ ಪ್ರವೇಶವನ್ನು ನಿರಾಕರಿಸುವುದನ್ನು ಶಿಕ್ಷಾರ್ಹಗೊಳಿಸಬೇಕಾಯಿತು. ಬೆಲೆ ತೆತ್ತವನು ಯಾರ ಹಂಗಿನಲ್ಲೂ ಇರುವುದಿಲ್ಲ. ಹಂಗಿಗೆ ಶರಣರು ಎಷ್ಟು ಹೇಸುತ್ತಿದ್ದರೆಂಬುದನ್ನು ನೆನೆದರೆ, ದರಪಟ್ಟಿಯ ಒಣ ನಿಷ್ಪಕ್ಷಪಾತಕ್ಕೂ ಒಂದು ಧಾರ್ಮಿಕ ಮೌಲ್ಯವಿದೆಯೆಂದು ಒಪ್ಪಬೇಕಾಗುತ್ತದೆ.

ಟಿಪ್ಸಿನ ಚರ್ಚೆ ಭಾರತದಲ್ಲೂ ಬೇರೊಂದು ರೂಪದಲ್ಲಿ ನಡೆದಿದೆ. ಬಿಲ್ಲಿಗೆ ತಾನಾಗಿ ಸೇವಾಶುಲ್ಕ ಸೇರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿ ನಿಷೇಧಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಕೊಡುವುದೂ ಬಿಡುವುದೂ ಗಿರಾಕಿಯ ಇಚ್ಛೆಯೆಂಬ ನ್ಯಾಯ ಗ್ರಾಹಕನ ದೃಷ್ಟಿಯಿಂದ ಸರಿಯಾದದ್ದೇ. ತಟ್ಟೆ ಹೊತ್ತು ತಂದವನ ಕೂಲಿಯನ್ನು ಗಿರಾಕಿಯ ಮರ್ಜಿಗೆ ಬಿಡದಂತೆ ಅವನ ಸಂಬಳದಲ್ಲೇ ಪೂರ್ತಿಯಾಗಿ ಕಟ್ಟಿಕೊಡುವ ಹೊಣೆ ಯಾರದೆಂಬುದು ಆ ವಿವಾದದಲ್ಲಿ ತೀರ್ಮಾನವಾಗಬೇಕಿದ್ದ ಪ್ರಶ್ನೆಯಾಗಿರಲಿಲ್ಲ.