ಮಳೆಗಾಗಿ ಕೈಯೆತ್ತುವವರ ಹೊಣೆ

‘ಮಳೆ ಬಂದು ಕೇಡಲ್ಲ, ಮಗ ಉಂಡು ಕೇಡಲ್ಲ’ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಉರ್ದು ಮಾತಾಡುವ ಮನೆಗಳಲ್ಲಿ ಹಿರಿಯರು ಮಳೆಯನ್ನು ‘ರಹಮತ್’ ಎನ್ನುತ್ತಿದ್ದರು. ಒಣಹಾಕಿದ ಬಟ್ಟೆ ಒದ್ದೆಯಾಯಿತೆಂದು ಮಳೆಯನ್ನು ಬೈದರೆ ಅಜ್ಜಿ ಗದರುತ್ತಿದ್ದರು. ಹೀಗೆ ಎರಡು ಭಾಷೆಗಳಲ್ಲಿ ಕಲಿತ ನಮಗೆ ಎರಡೂ ಕಡೆಯಿಂದ ಸಿಕ್ಕ ಪಾಠ ಒಂದೇ, ಮಳೆ ಒಳ್ಳೆಯದು. ಯಾರಿಗೆ ಒಳ್ಳೆಯದು ಎಂಬ ಪ್ರಶ್ನೆಯನ್ನು ಮಾತ್ರ ಪಾಠದ ಕೊನೆಯಲ್ಲಿ ಯಾರೂ ಕೇಳಲಿಲ್ಲ.

ಆ ಪ್ರಶ್ನೆ ನಮ್ಮೆದುರು ಬಂದು ನಿಂತದ್ದು ಬಾಬಾಬುಡನ್‌ಗಿರಿಯ ತಪ್ಪಲಿನಲ್ಲಿ. ಮಲೆನಾಡೆಂದರೆ ಸದಾ ತಂಪು ಎಂದು ಬಯಲುಸೀಮೆಯವರು ಭಾವಿಸುತ್ತಾರೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಹೋಗಿ ನೋಡಬೇಕು. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಹುಲ್ಲು ಒಣಗಿ ಕಂದಾಗಿರುತ್ತದೆ. ಕೆರೆಗಳ ತಳ ಬಿರಿದಿರುತ್ತದೆ. ಕಾಫಿ ಗಿಡಗಳು ಮೊಗ್ಗು ಕಟ್ಟಿಕೊಂಡು ಕಾಯುತ್ತಿರುತ್ತವೆ. ಒಂದಿಂಚಿನಷ್ಟು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬಿಳಿ ಹೂವು. ಆ ಮಳೆ ಬರದಿದ್ದರೆ, ಅಥವಾ ಬಂದು ಅದರ ಹಿಂದೆ ಇನ್ನೊಂದು ಮಳೆ ಬೀಳದಿದ್ದರೆ, ವರ್ಷದ ಬೆಳೆಯೇ ಕೈಕೊಡುತ್ತದೆ. ಅದಕ್ಕೇ ತೋಟದವರು ಅದನ್ನು ಹೂಮಳೆ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ಮೊದಲ ವಾರ ಗೆಳೆಯರೊಬ್ಬರ ತೋಟಕ್ಕೆ ಹೋಗಿದ್ದೆವು. ಆ ವರ್ಷ ಹೂಮಳೆ ತಡವಾಗಿತ್ತು. ಸ್ಪ್ರಿಂಕ್ಲರ್ ಹಾಕೋಣವೆಂದರೆ ಕೆರೆಯಲ್ಲಿ ನೀರಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಬೆಟ್ಟದ ಹಿಂದಿನಿಂದ ಕರಿಮೋಡ ತಲೆಯೆತ್ತಿತು. ಗೆಳೆಯ ಅಂಗಳಕ್ಕೆ ಬಂದು, ‘ಇವತ್ತಾದ್ರೂ ದೇವರು ಕಣ್ಣು ಬಿಡಲಿ’ ಎಂದು ಕೈಮುಗಿದ. ನಾವೂ ದುಆಕ್ಕಾಗಿ ಕೈಯೆತ್ತಿದೆವು. ಆಮೇಲೆ ತಿರುಗಾಡಲು ಹೊರಟವರು ಕೂಲಿಯವರ ಲೈನ್ ಮನೆಗಳ ಹತ್ತಿರ ಬಂದೆವು. ಹೆಂಗಸೊಬ್ಬಳು ಏಣಿ ಹತ್ತಿ ತಗಡಿನ ಸೂರಿನ ಮೇಲೆ ಕಲ್ಲು ಹೇರುತ್ತಿದ್ದಳು. ‘ಮಳೆ ಬರೋ ಹಾಗಿದೆಯಲ್ಲಮ್ಮ’ ಎಂದೆವು, ಖುಷಿಯ ಸುದ್ದಿ ಹೇಳುವವರ ಹಾಗೆ. ಅವಳು ಕೆಳಗೆ ನೋಡಿ, ‘ಮಳೆ ಬರ್ಲಿ ಅಣ್ಣಾ. ಗಾಳಿ ಬ್ಯಾಡ’ ಎಂದಳು.

ಗಾಳಿ ಬಂತು. ಮಳೆಯೂ ಬಂತು. ಸಂಜೆ ಗೆಳೆಯ ಮಳೆಮಾಪಕ ನೋಡಿ, ‘ಒಂದು ಇಂಚು ಹತ್ತು ಸೆಂಟು’ ಎಂದು ಊರಿಗೆಲ್ಲ ಫೋನು ಮಾಡಿದ. ಲೈನಿನಲ್ಲಿ ಎರಡು ಮನೆಗಳ ತಗಡು ಹಾರಿಹೋದದ್ದು ನಮಗೆ ತಿಳಿದದ್ದು ಮರುದಿನ ಬೆಳಿಗ್ಗೆ. ಒಂದು ಮನೆ ಅವಳದೇ.

ಅವಳು ಕೇಳಿದ್ದು ಆಗದ ಮಾತಾಗಿತ್ತು. ಬೇಸಿಗೆಯ ಗುಡುಗುಮಳೆ ಹುಟ್ಟುವ ಬಗೆಯೇ ಹಾಗೆ. ಬಿಸಿಲಿಗೆ ಕಾದ ನೆಲದ ಗಾಳಿ ಮೇಲೇಳುತ್ತದೆ. ಅರಬ್ಬೀ ಸಮುದ್ರದ ಕಡೆಯಿಂದ ಬಂದ ತೇವ ಬೆಟ್ಟದ ಇಳಿಜಾರಿಗೆ ತಾಗಿ ಅದರೊಂದಿಗೆ ಮೇಲೇರಿ ಮೋಡವಾಗುತ್ತದೆ. ಮೋಡ ಬಲಿತು ಹನಿಗಳು ಬೀಳತೊಡಗಿದಾಗ ತಮ್ಮೊಂದಿಗೆ ಗಾಳಿಯನ್ನೂ ಎಳೆದು ತರುತ್ತವೆ. ತಣ್ಣಗಾಗಿ ಭಾರವಾದ ಆ ಗಾಳಿ ನೆಲಕ್ಕೆ ಬಡಿದು ಸುತ್ತಲೂ ನುಗ್ಗುತ್ತದೆ. ಮಳೆಗೆ ಮುಂಚೆ ನಮ್ಮ ಮುಖಕ್ಕೆ ಹಿತವಾಗಿ ತಾಗುವ ತಂಗಾಳಿಯೂ ಅದೇ, ಅವಳ ಸೂರನ್ನು ಕಿತ್ತದ್ದೂ ಅದೇ. ಹೂವು ಅರಳಿಸುವುದೂ ಸೂರು ಹಾರಿಸುವುದೂ ಒಂದೇ ಮೋಡದ ಹೊಟ್ಟೆಯಲ್ಲಿರುತ್ತವೆ.

ಹಾಗಿದ್ದರೆ ಮಳೆಗಾಗಿ ಬೇಡುವುದೇ ತಪ್ಪೆ? ತಪ್ಪೆನ್ನಲಾಗದು. ಮಳೆಯಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಅವಳಿಗೆ ಕೂಲಿಯಿಲ್ಲ. ಪ್ರವಾದಿಯವರ (ಸ) ಕಾಲದ ಒಂದು ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಶುಕ್ರವಾರದ ಪ್ರವಚನದ ವೇಳೆ ಒಬ್ಬಾತ ಬಂದು, ಜಾನುವಾರುಗಳು ಸಾಯುತ್ತಿವೆ, ಮಳೆಗಾಗಿ ಪ್ರಾರ್ಥಿಸಿ ಎಂದು ಕೇಳಿಕೊಂಡ. ಮಳೆ ಬಂತು, ಮುಂದಿನ ಶುಕ್ರವಾರದವರೆಗೂ ನಿಲ್ಲಲಿಲ್ಲ. ಆಗ ಮನೆಗಳು ಕುಸಿಯುತ್ತಿವೆ ಎಂಬ ಮೊರೆ ಬಂತು. ಪ್ರವಾದಿಯವರು ಮಳೆಯನ್ನು ಶಪಿಸಲಿಲ್ಲ. ಜನರ ಮೇಲೆ ಸುರಿಯದೆ ಸುತ್ತಲಿನ ಗುಡ್ಡ, ಕಣಿವೆ, ಮರಗಿಡ ಬೆಳೆಯುವ ನೆಲದತ್ತ ಅದು ಸರಿಯಲಿ ಎಂಬ ಅರ್ಥದಲ್ಲಿ ಪ್ರಾರ್ಥಿಸಿದರು. ಮೊದಲ ಮೊರೆಯನ್ನು ಕೇಳಿದ ಕಿವಿ ಎರಡನೆಯದನ್ನೂ ಕೇಳಿತು. ನಮ್ಮ ಪ್ರಾರ್ಥನೆಗಳು ಸಾಮಾನ್ಯವಾಗಿ ಮೊದಲ ಶುಕ್ರವಾರಕ್ಕೇ ಮುಗಿದುಹೋಗುತ್ತವೆ. ಕಪ್ಪೆಗಳಿಗೆ ಮದುವೆ ಮಾಡುವ ಊರಾಗಲಿ, ಈದ್ಗಾದಲ್ಲಿ ಮಳೆಯ ನಮಾಜ್ ಮಾಡುವ ಊರಾಗಲಿ, ಮಳೆ ಬಂದ ಮೇಲೆ ಯಾರ ಗೋಡೆ ಬಿತ್ತೆಂದು ಕೇಳಲು ಜನ ಸೇರುವುದು ಕಡಿಮೆ.

ಇನ್ನೊಂದು ಮಾತಿದೆ. ಗುಡ್ಡದ ಮೇಲೆ, ಮರಗಳ ಬುಡಕ್ಕೆ ಮಳೆ ಹೋಗಲಿ ಎಂದು ಕೇಳಬೇಕಾದರೆ ಆ ಗುಡ್ಡವೂ ಮರಗಳೂ ಉಳಿದಿರಬೇಕು. ಬೇಸಿಗೆಯ ಮಳೆ ಒಂದೆರಡು ಗಂಟೆಯದು. ಅದರ ಹಿಂದೆಯೇ ಬರುವ ಮುಂಗಾರು ವಾರಗಟ್ಟಲೆ ಸುರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 200ಕ್ಕೂ ಹೆಚ್ಚು ಜನ ಮಣ್ಣುಪಾಲಾದರು. ಎಲ್ಲದಕ್ಕೂ ಮನುಷ್ಯನೇ ಕಾರಣ ಎನ್ನುವುದು ನ್ಯಾಯವಲ್ಲ, ಕೆಲವು ಮಳೆಗಳನ್ನು ಯಾವ ಬೆಟ್ಟವೂ ತಾಳಲಾರದು. ಆದರೆ ಇಳಿಜಾರನ್ನು ಕಡಿದು ದಾರಿ ಮಾಡಿದವರು, ಅದರ ಬುಡದಲ್ಲಿ ಬೇರೆ ಗತಿಯಿಲ್ಲದೆ ಮಲಗುವವರು ಒಂದೇ ಜನರಲ್ಲ. ಮಳೆಯ ಲಾಭ ಒಬ್ಬರಿಗೆ, ಗಾಳಿಯ ಪಾಲು ಇನ್ನೊಬ್ಬರಿಗೆ ಎಂದು ಹಂಚಿದ್ದು ಮೋಡವಲ್ಲ. ಆ ಹಂಚಿಕೆ ನಮ್ಮದು.

ಮಳೆಯಿಂದ ಗಾಳಿಯನ್ನು ಬೇರೆ ಮಾಡಲು ನಮ್ಮಿಂದಾಗದು. ಸೂರು ಭದ್ರ ಮಾಡಲು ಆಗುತ್ತದೆ. ಒಂದು ಕೈಯಲ್ಲಿ ಮಳೆ ಬೇಡಿದವನು ಇನ್ನೊಂದು ಕೈಯಲ್ಲಿ ಆ ಮಳೆಗೆ ಒಡ್ಡಿಕೊಂಡವನ ತಗಡನ್ನು ಹಿಡಿಯಬೇಕು. ಅಷ್ಟು ಮಾಡದವನ ಪ್ರಾರ್ಥನೆ ದೇವರಿಗೆ ತಲುಪುತ್ತದೆಯೋ ಇಲ್ಲವೋ ನಾವು ಹೇಳಲಾರೆವು. ನೆರೆಯವರಿಗಂತೂ ತಲುಪುವುದಿಲ್ಲ.

ಅಂದು ಹೊರಡುವಾಗ ಗೆಳೆಯನಿಗೆ ತಗಡಿನ ವಿಷಯ ಹೇಳಿದೆವು. ‘ಹೌದಾ? ಅದನ್ನೆಲ್ಲ ರೈಟರು ನೋಡ್ಕೋತಾರೆ’ ಎಂದ. ತೋಟದಲ್ಲಿ ಲೆಕ್ಕ ಬರೆಯುವವರನ್ನು ರೈಟರು ಎನ್ನುತ್ತಾರೆ. ಕಥೆ ಬರೆಯುವ ನಮ್ಮನ್ನೂ ಕೆಲವರು ಹಾಗೆಯೇ ಕರೆಯುವುದುಂಟು. ಅಂದು ಅವನಿಗೆ ಎದುರಾಡದೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ತೊಳೆದಿಟ್ಟಂತಹ ಹಸಿರು, ಹಸಿಮಣ್ಣಿನ ವಾಸನೆ. ಮನೆಗೆ ಬಂದವರೇ, ‘ಮಲೆನಾಡಿನಲ್ಲಿ ಒಳ್ಳೆ ಮಳೆ’ ಎಂದು ಎಲ್ಲರಿಗೂ ಹೇಳಿದೆವು. ಗಾಳಿಯ ಮಾತು ಬರೆಯಲು ಇಷ್ಟು ವರ್ಷ ಬೇಕಾಯಿತು.